ಗಂಟಿಲ್ಲದ ಬೇರಿಗೆ ಸಾರಜನಕ ಎಲ್ಲಿಂದ?

ಪ್ರಶ್ನೆ: ನಮ್ಮದು ಮಲೆನಾಡಿನ ಒಂದೂವರೆ ಎಕರೆ ಭತ್ತದ ಗದ್ದೆ. ಕೆಲವು ವರ್ಷ ಯೂರಿಯಾ ಹಾಕಲು ಆಗಲೇ ಇಲ್ಲ, ಹಟ್ಟಿಗೊಬ್ಬರವೂ ಅಷ್ಟಕ್ಕಷ್ಟೇ. ಇಳುವರಿ ತಗ್ಗಿತು ನಿಜ, ಆದರೆ ಒಂದು ಮಟ್ಟಕ್ಕೆ ಬಂದು ನಿಂತಿತು, ಮತ್ತೆ ಇಳಿಯಲಿಲ್ಲ. ಮೇಲಿನ ಹಕ್ಕಲಿನಲ್ಲಿ ರಾಗಿ ಹಾಕಿದಾಗ ಹೀಗಾಗಲಿಲ್ಲ, ಎರಡು ಮೂರು ವರ್ಷಕ್ಕೇ ಭೂಮಿ ಸೋತುಹೋಯಿತು. ಅಲಸಂದೆ, ಹೆಸರು ಗಿಡದ ಬೇರಿನ ಗಂಟಿನಲ್ಲಿ ಬ್ಯಾಕ್ಟೀರಿಯಾ ಇದ್ದು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇನೆ. ಭತ್ತದ ಬೇರಿನಲ್ಲಿ ಗಂಟಿಲ್ಲ. ಗದ್ದೆಯಲ್ಲಿ ನೀರು ನಿಂತು ಮಣ್ಣಿಗೆ ಗಾಳಿಯೂ ಆಡುವುದಿಲ್ಲ. ಹಾಗಾದರೆ ಪೈರಿಗೆ ಸಾರಜನಕ ಬರುವುದು ಎಲ್ಲಿಂದ?

— ಸಾಗರ ತಾಲ್ಲೂಕಿನ ಕೃಷಿಕ ಓದುಗರು

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗ ಇದೆ. ‘ಮಣ್ಣಿಗೆ ಗಾಳಿಯೂ ಆಡುವುದಿಲ್ಲ’ ಎಂದು ಬರೆದಿದ್ದೀರಿ. ಗಾಳಿ ಆಡದ ಕಾರಣಕ್ಕೇ ಆ ಕೆಸರಿನಲ್ಲಿ ಸಾರಜನಕ ಕಟ್ಟುವ ಕೆಲಸ ನಡೆಯುತ್ತಿದೆ. ಗಾಳಿಯಲ್ಲಿರುವ ವಸ್ತುವನ್ನು ಹಿಡಿಯಲು ಗಾಳಿಯಿಲ್ಲದ ಜಾಗ ಬೇಕು ಎನ್ನುವುದು ತಿರುವುಮುರುವಾಗಿ ಕೇಳಿಸುತ್ತದೆ. ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಲೆಕ್ಕದ ಒಂದು ಮಾತು. ಗೊಬ್ಬರ ಹಾಕದ ವರ್ಷ ನಿಮ್ಮ ಪೈರು ಉಂಡ ಸಾರಜನಕವೆಲ್ಲ ಆ ವರ್ಷವೇ ಗಾಳಿಯಿಂದ ಇಳಿದು ಬಂದದ್ದಲ್ಲ. ಅದರ ಬಹುಪಾಲು ಮಣ್ಣಿನ ಹಳೆಯ ಉಳಿತಾಯ. ಕೊಳೆತ ಬೇರು, ಕೂಳೆ, ಸೊಪ್ಪು, ಸತ್ತ ಸೂಕ್ಷ್ಮಜೀವಿಗಳ ರೂಪದಲ್ಲಿ ಮಣ್ಣು ಅದನ್ನು ಕೂಡಿಟ್ಟಿರುತ್ತದೆ. ಯೂರಿಯಾ ಹಾಕಿದ ಗದ್ದೆಯಲ್ಲೂ ಭತ್ತ ಹೀರುವ ಸಾರಜನಕದ ಅರ್ಧಕ್ಕೂ ಹೆಚ್ಚು ಪಾಲು ಈ ಉಳಿತಾಯದಿಂದಲೇ ಬರುವುದು ಸಾಮಾನ್ಯ. ಆದರೆ ತೆಗೆಯುತ್ತಲೇ ಇದ್ದರೆ ಯಾವ ಉಳಿತಾಯವೂ ಒಂದು ದಿನ ಬರಿದಾಗಬೇಕು. ಹಕ್ಕಲಿನಲ್ಲಿ ಆದದ್ದು ಅದು. ಅಲ್ಲಿ ಮಣ್ಣು ಬಿಸಿಲಿಗೆ, ಗಾಳಿಗೆ ತೆರೆದುಕೊಂಡು ಕೊಳೆಯುವುದೆಲ್ಲ ಬೇಗ ಕೊಳೆಯಿತು, ಮಳೆಗೆ ಒಂದಷ್ಟು ಕೊಚ್ಚಿಹೋಯಿತು, ಮರಳಿ ತುಂಬುವವರು ಕಡಿಮೆ. ಗದ್ದೆಯಲ್ಲಿ ಮಾತ್ರ ಪ್ರತಿ ಬೆಳೆಯಲ್ಲೂ ಯಾರೋ ಒಂದು ಪಾಲನ್ನು ಮರಳಿ ತುಂಬುತ್ತಿದ್ದಾರೆ. ಅವರು ಯಾವ ಗಿಡದ ಗಂಟಿನೊಳಗೂ ಮನೆ ಮಾಡದೆ, ಕೆಸರಿನಲ್ಲಿ, ನಿಂತ ನೀರಿನಲ್ಲಿ, ಬೇರಿನ ಸುತ್ತಮುತ್ತ ತಮ್ಮ ಪಾಡಿಗೆ ತಾವು ಬದುಕುವ ಬ್ಯಾಕ್ಟೀರಿಯಾಗಳು.

ನಿಮ್ಮ ಅನುಭವ ನಿಮ್ಮೊಬ್ಬರದಲ್ಲ. ಫಿಲಿಪೈನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 1960ರ ದಶಕದ ಆರಂಭದಿಂದ ಒಂದೇ ಜಾಗದಲ್ಲಿ ಎಡೆಬಿಡದೆ ಭತ್ತ ಬೆಳೆಯುವ ಪ್ರಯೋಗವೊಂದು ನಡೆದುಕೊಂಡು ಬಂದಿದೆ. ವರ್ಷಕ್ಕೆ ಮೂರು ಬೆಳೆಯವರೆಗೂ ತೆಗೆದಿದ್ದಾರೆ. ಅಲ್ಲಿ ಸಾರಜನಕ ಗೊಬ್ಬರವನ್ನೇ ಕಾಣದ ಮಡಿಗಳೂ ಇವೆ. ಅವು ಗೊಬ್ಬರ ಉಂಡ ಮಡಿಗಳಷ್ಟು ಕೊಡುವುದಿಲ್ಲ, ಆದರೆ ದಶಕಗಳ ಕಾಲ ಸತತವಾಗಿ ಕೊಡುತ್ತಲೇ ಬಂದಿವೆ. ಅವುಗಳ ಮಣ್ಣು ಬರಡಾಗಲಿಲ್ಲ.

ಬೀಗ ಬಿದ್ದ ಉಗ್ರಾಣ

ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕ. ನಿಮ್ಮ ಒಂದು ಎಕರೆ ಗದ್ದೆಯ ನೆತ್ತಿಯ ಮೇಲೆ ನಿಂತ ಗಾಳಿಯನ್ನು ಆಕಾಶದವರೆಗೂ ತೂಗಿದರೆ ಅದರಲ್ಲಿ ಸುಮಾರು 31 ಸಾವಿರ ಟನ್ ಸಾರಜನಕ ಸಿಗುತ್ತದೆ. ಆ ಎಕರೆಯ ಭತ್ತಕ್ಕೆ ಬೇಕಾದ್ದು ಹತ್ತಾರು ಕಿಲೋ ಅಷ್ಟೇ. ಆದರೂ ಪೈರು ಹಸಿದು ಹಳದಿಯಾಗುವುದು ಏಕೆಂದರೆ ಆ ಉಗ್ರಾಣಕ್ಕೆ ಬೀಗ ಬಿದ್ದಿದೆ. ಗಾಳಿಯಲ್ಲಿ ಸಾರಜನಕದ ಎರಡೆರಡು ಪರಮಾಣುಗಳು ಮೂರು ಎಳೆಯ ಬಂಧದಲ್ಲಿ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ರಸಾಯನಶಾಸ್ತ್ರದಲ್ಲಿ ನಮಗೆ ಗೊತ್ತಿರುವ ಅತಿ ಗಟ್ಟಿ ಬಂಧಗಳಲ್ಲಿ ಅದೂ ಒಂದು. ಅದನ್ನು ಬಿಡಿಸಿ ಜಲಜನಕ ಸೇರಿಸಿ ಅಮೋನಿಯಾ ಮಾಡಿದರೆ ಮಾತ್ರ ಬೇರಿಗೆ ಉಪಯೋಗ.

ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ಈ ಬೀಗ ತೆಗೆಯುವುದನ್ನು ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದರು. ಕಾರ್ಲ್ ಬಾಶ್ ಅದನ್ನು ಕಾರ್ಖಾನೆಗೆ ಹೊಂದಿಸಿದರು, 1913ರಲ್ಲಿ ಓಪ್ಪೌ ಎಂಬಲ್ಲಿ ಉತ್ಪಾದನೆ ಶುರುವಾಯಿತು. ಇಂದಿಗೂ ಯೂರಿಯಾ ಹುಟ್ಟುವುದು ಅದೇ ದಾರಿಯಲ್ಲಿ. 400ರಿಂದ 500 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ನೂರೈವತ್ತು ಇನ್ನೂರು ಪಟ್ಟು ಒತ್ತಡ ಬೇಕು.

ಅದೇ ಕೆಲಸ ನಿಮ್ಮ ಗದ್ದೆಯಲ್ಲಿ ಕೆಸರಿನ ತಣ್ಣನೆಯ ಹದದಲ್ಲಿ, ಶಬ್ದವಿಲ್ಲದೆ ನಡೆಯುತ್ತದೆ. ಅದಕ್ಕಿರುವ ಕೀಲಿ ನೈಟ್ರೋಜಿನೇಸ್ ಎಂಬ ಕಿಣ್ವ. ಎರಡು ಪ್ರೋಟೀನುಗಳು ಜೊತೆಗೂಡಿ ಕೆಲಸ ಮಾಡುವ ಕಿಣ್ವ ಇದು. ಒಂದು ಎಲೆಕ್ಟ್ರಾನುಗಳನ್ನು ಒಂದೊಂದಾಗಿ ತಂದುಕೊಡುತ್ತದೆ, ಇನ್ನೊಂದು ಅವನ್ನು ಪಡೆದು ಸಾರಜನಕದ ಬಂಧವನ್ನು ಬಿಡಿಸುತ್ತದೆ. ಈ ಎರಡನೆಯದರ ಎದೆಯಲ್ಲಿ ಏಳು ಕಬ್ಬಿಣ, ಒಂದು ಮಾಲಿಬ್ಡಿನಮ್, ಒಂಬತ್ತು ಗಂಧಕದ ಪರಮಾಣುಗಳು ಸೇರಿದ ಒಂದು ಗೊಂಚಲಿದೆ, ನಡುವೆ ಒಂದು ಇಂಗಾಲ. ಮಣ್ಣಿನಲ್ಲಿ ಮಾಲಿಬ್ಡಿನಮ್ ಚಿಟಿಕೆಯಷ್ಟಾದರೂ ಇರಬೇಕು ಎನ್ನುವುದು ಇದಕ್ಕಾಗಿ.

ಈ ಕಿಣ್ವಕ್ಕೆ ಎರಡು ಕಷ್ಟಗಳಿವೆ. ಒಂದು, ಹಸಿವು. ಒಂದು ಅಣು ಸಾರಜನಕವನ್ನು ಅಮೋನಿಯಾ ಮಾಡಲು ಜೀವಕೋಶ ತನ್ನ ಶಕ್ತಿಯ ನಾಣ್ಯವಾದ ಎಟಿಪಿಯನ್ನು 16 ಸಲ ಖರ್ಚು ಮಾಡಬೇಕು. ಇನ್ನೊಂದು, ಆಮ್ಲಜನಕದ ಭಯ. ಕಿಣ್ವವನ್ನು ಜೀವಕೋಶದಿಂದ ಹೊರತೆಗೆದು ಗಾಳಿಗೆ ಒಡ್ಡಿದರೆ ಅದರಲ್ಲಿ ಎಲೆಕ್ಟ್ರಾನು ತಂದುಕೊಡುವ ಪ್ರೋಟೀನು ಒಂದು ನಿಮಿಷದೊಳಗೇ ಅರ್ಧ ಸತ್ತಿರುತ್ತದೆ. ಒಮ್ಮೆ ಕೆಟ್ಟರೆ ಮತ್ತೆ ಸರಿಹೋಗುವುದಿಲ್ಲ. ಇದಕ್ಕೆ ಕಾರಣ ಭೂಮಿಯ ಇತಿಹಾಸದಲ್ಲಿದೆ. ಸಾರಜನಕ ಕಟ್ಟುವ ಈ ವಿದ್ಯೆ ಹುಟ್ಟಿದ್ದು ಗಾಳಿಯಲ್ಲಿ ಆಮ್ಲಜನಕ ತುಂಬಿಕೊಳ್ಳುವುದಕ್ಕೂ ಮುಂಚೆ. ಆಮ್ಲಜನಕ ಹರಡತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ, ಈ ವಿದ್ಯೆ ಅದಕ್ಕಿಂತ ಹಳೆಯದು. ಅಂದಿನ ಗಾಳಿಗೆ ಒಗ್ಗಿದ ಕಿಣ್ವ ಇಂದಿಗೂ ಅಂಥ ಜಾಗವನ್ನೇ ಹುಡುಕುತ್ತದೆ. ನೀರು ನಿಲ್ಲಿಸಿ ರೊಚ್ಚು ಮಾಡಿದ ಗದ್ದೆ ಅಂಥ ಒಂದು ಜಾಗ.

ಒಂದು ಬುಡ ಕಿತ್ತು ನೋಡಿ

ನಾಟಿಯಾಗಿ ತಿಂಗಳೊಪ್ಪತ್ತು ಕಳೆದ ಗದ್ದೆಗೆ ಇಳಿದು, ಒಂದು ಬುಡವನ್ನು ಅಂಗೈಯಗಲ ಮಣ್ಣಿನ ಸಮೇತ ನಿಧಾನವಾಗಿ ಎತ್ತಿ. ಕಾಲಿಟ್ಟ ಕಡೆ ಗುಳುಗುಳು ಗುಳ್ಳೆ ಏಳುತ್ತದೆ. ಮೇಲ್ಗಡೆ ನೀರಿನಲ್ಲಿ ಹಸಿರು ಹಾವಸೆಯ ಎಳೆಗಳು. ಅದರ ಕೆಳಗೆ ಕೆಸರಿನ ಮೇಲ್ಪದರ ಕಂದು ಬಣ್ಣಕ್ಕಿರುತ್ತದೆ. ಬೆರಳಿನಿಂದ ಆ ಪದರವನ್ನು ಸರಿಸಿದರೆ ಕೆಲವೇ ಮಿಲಿಮೀಟರ್ ಕೆಳಗೆ ಮಣ್ಣು ಬೂದು, ಇನ್ನೂ ಕೆಳಗೆ ನೀಲಿಗಪ್ಪು. ಮೂಗಿನ ಹತ್ತಿರ ಹಿಡಿದರೆ ಕೊಳೆತ ಮೊಟ್ಟೆಯ ಎಳೆ ವಾಸನೆ. ಬೇರನ್ನು ತೊಳೆದರೆ ಬಿಳಿಯ ಬೇರಿನ ಮೇಲೆ ತುಕ್ಕಿನ ಬಣ್ಣ ಕಾಣುತ್ತದೆ. ಅದು ನಿಜವಾಗಿಯೂ ಕಬ್ಬಿಣದ ತುಕ್ಕೇ.

ಈ ಬಣ್ಣಗಳು ಆಮ್ಲಜನಕದ ನಕ್ಷೆ. ನೀರಿನಲ್ಲಿ ಆಮ್ಲಜನಕ ಚಲಿಸುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ನೀರು ನಿಂತ ಒಂದೆರಡು ದಿನದಲ್ಲೇ ಮಣ್ಣಿನ ಜೀವಿಗಳು ಉಳಿದ ಆಮ್ಲಜನಕವನ್ನೆಲ್ಲ ಮುಗಿಸಿಬಿಡುತ್ತವೆ. ಮೇಲಿನಿಂದ ಇಳಿಯುವ ಚೂರುಪಾರು ಆ ಕಂದು ಪದರದಲ್ಲೇ ಖಾಲಿಯಾಗುತ್ತದೆ. ಅದರ ಕೆಳಗಿನವರು ಉಸಿರಾಟಕ್ಕೆ ಬೇರೆ ವಸ್ತುಗಳನ್ನು ಹಿಡಿಯುತ್ತಾರೆ. ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್, ಕಟ್ಟಕಡೆಗೆ ಇಂಗಾಲದ ಡೈಆಕ್ಸೈಡ್. ಕಬ್ಬಿಣ ರೂಪ ಬದಲಿಸಿದಾಗ ಕೆಂಪು ಮಣ್ಣು ಬೂದಾಗುತ್ತದೆ. ಸಲ್ಫೇಟಿನಿಂದ ಮೊಟ್ಟೆಯ ವಾಸನೆ, ಕೊನೆಯ ಹಂತದಲ್ಲಿ ಮೀಥೇನ್ ಗುಳ್ಳೆ. ನೀರು ನಿಂತ ಮಣ್ಣಿನ ಈ ರಸಾಯನವನ್ನು 1972ರಲ್ಲಿ ಒಂದೇ ಕಡೆ ಕ್ರಮವಾಗಿ ಬರೆದಿಟ್ಟವರು ಲಾಸ್ ಬಾನ್ಯೋಸ್ ಸಂಸ್ಥೆಯಲ್ಲಿದ್ದ ಶ್ರೀಲಂಕಾದ ವಿಜ್ಞಾನಿ ಎಫ್. ಎನ್. ಪೊನ್ನಂಪೆರುಮ.

ಈಗ ನಿಮ್ಮ ಒಗಟು ಬಿಡಿಸಬಹುದು. ಗಾಳಿಯಲ್ಲಿರುವ ಎರಡೂ ಅನಿಲಗಳು ನೀರಿನಲ್ಲಿ ಕರಗಿ ಕೆಳಗಿಳಿಯುತ್ತವೆ. ಆಮ್ಲಜನಕ ಎಲ್ಲರಿಗೂ ಬೇಕು, ಹಾಗಾಗಿ ದಾರಿಯಲ್ಲೇ ಮುಗಿಯುತ್ತದೆ. ಸಾರಜನಕವನ್ನು ದಾರಿಯಲ್ಲಿ ಕೇಳುವವರಿಲ್ಲ, ಹಾಗಾಗಿ ಅದು ಕೆಳಗಿನ ಕತ್ತಲೆಯವರೆಗೂ ತಲುಪುತ್ತದೆ. ಕೆಸರು ಒಂದು ಜರಡಿಯ ಹಾಗೆ. ಕಿಣ್ವವನ್ನು ಕೊಲ್ಲುವುದನ್ನು ಮೇಲೆಯೇ ತಡೆದು, ಕಿಣ್ವಕ್ಕೆ ಬೇಕಾದ್ದನ್ನು ಮಾತ್ರ ಒಳಗೆ ಬಿಡುತ್ತದೆ.

ಯಾವ ಪದರದಲ್ಲಿ ಯಾರು?

ನೀರಿನಲ್ಲಿ ಮತ್ತು ಕೆಸರಿನ ಮೈಮೇಲೆ ಇರುವವರು ಸಯನೋಬ್ಯಾಕ್ಟೀರಿಯಾಗಳು, ನಾವು ನೀಲಿಹಸಿರು ಪಾಚಿ ಎನ್ನುವವು. ಅನಬೀನ, ನಾಸ್ಟಾಕ್, ಆಲೋಸೈರಾ ಇವೆಲ್ಲ ಈ ಬಳಗದವು. ಬಿಸಿಲಿನಿಂದ ತಮ್ಮ ಆಹಾರವನ್ನು ತಾವೇ ಮಾಡಿಕೊಳ್ಳುವುದರಿಂದ ಶಕ್ತಿಗೆ ಕೊರತೆಯಿಲ್ಲ. ಆದರೆ ಆ ಕೆಲಸದಲ್ಲಿ ಆಮ್ಲಜನಕ ಹುಟ್ಟುತ್ತದೆ, ಅದೇ ನೈಟ್ರೋಜಿನೇಸಿನ ಶತ್ರು. ಅನಬೀನ ಇದಕ್ಕೆ ಕಂಡುಕೊಂಡ ದಾರಿಯನ್ನು ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಿದವರು ಮರೆಯುವುದಿಲ್ಲ. ಜಪಮಾಲೆಯ ಹಾಗೆ ಹಸಿರು ಮಣಿಗಳ ಸಾಲು. ಹತ್ತು ಮಣಿಗೊಂದು ಎಂಬಂತೆ ನಡುನಡುವೆ ಒಂದು ಮಣಿ ಕೊಂಚ ದೊಡ್ಡದು, ಬಣ್ಣ ಮಂಕು, ಗೋಡೆ ದಪ್ಪ. ಆ ಮಣಿ ಆಮ್ಲಜನಕ ಹೊರಡಿಸುವ ಕೆಲಸವನ್ನೇ ನಿಲ್ಲಿಸಿದೆ. ಇಕ್ಕೆಲದ ಮಣಿಗಳು ಅದಕ್ಕೆ ಸಕ್ಕರೆ ಕೊಡುತ್ತವೆ, ಅದು ಅವಕ್ಕೆ ಸಾರಜನಕ ಕೊಡುತ್ತದೆ. ಹೀಗೆ ಬದಲಾದ ಕೋಶ ಮತ್ತೆ ಎರಡಾಗಿ ಒಡೆದು ವಂಶ ಬೆಳೆಸುವುದಿಲ್ಲ.

ಕಂದು ಪದರ ಮತ್ತು ಬೂದು ಪದರ ಸೇರುವ ಗಡಿಯಲ್ಲಿ, ಹಾಗೆಯೇ ಬೇರಿನ ಮೈಮೇಲೆ, ಇನ್ನೊಂದು ಬಳಗ. ಭತ್ತದ ಕಾಂಡದಿಂದ ಬೇರಿನವರೆಗೆ ಗಾಳಿ ಇಳಿಯುವ ಪೊಳ್ಳು ನಾಳಗಳಿವೆ. ಬೇರಿನಿಂದ ಸೋರುವ ಸ್ವಲ್ಪ ಆಮ್ಲಜನಕವೇ ಆ ತುಕ್ಕಿನ ಬಣ್ಣಕ್ಕೆ ಕಾರಣ. ಈ ಗಡಿಯಲ್ಲಿ ಬದುಕುವ ಅಜೋಸ್ಪೈರಿಲಮ್‌ಗೆ ಆಮ್ಲಜನಕ ಬೇಕು, ಆದರೆ ಎಳ್ಳಷ್ಟೇ ಬೇಕು. ಬ್ರೆಜಿಲ್‌ನಲ್ಲಿ ದುಡಿದ ಯೊಹಾನಾ ಡೋಬೆರೈನರ್ 1970ರ ದಶಕದಲ್ಲಿ ಇದನ್ನು ಬೇರ್ಪಡಿಸಿದ ಬಗೆ ಚೆಂದ. ಅವರು ಸಾರಜನಕವಿಲ್ಲದ ತೆಳು ಲೋಳೆಯಂಥ ಆಹಾರವನ್ನು ಗಾಜಿನ ಕೊಳವೆಗೆ ತುಂಬಿ ಅದಕ್ಕೆ ಚೂರು ಬೇರು ಹಾಕಿದರು. ಬ್ಯಾಕ್ಟೀರಿಯಾ ಮೇಲೂ ಬೆಳೆಯಲಿಲ್ಲ, ತಳದಲ್ಲೂ ಬೆಳೆಯಲಿಲ್ಲ. ಮೇಲಿನಿಂದ ಕೆಲವು ಮಿಲಿಮೀಟರ್ ಕೆಳಗೆ ತೆಳುವಾದ ಬಿಳಿ ಪರದೆಯಾಗಿ ನಿಂತಿತು. ತನಗೆ ಎಷ್ಟು ಆಮ್ಲಜನಕ ಸಾಕೋ ಅಷ್ಟಿರುವ ಜಾಗಕ್ಕೆ ತಾನೇ ಈಜಿ ಹೋಗಿ ನಿಂತಿತ್ತು.

ಇನ್ನೂ ಕೆಳಗಿನ ಕಪ್ಪು ಮಣ್ಣಿನಲ್ಲಿ ಆಮ್ಲಜನಕದ ಸೋಂಕೇ ಬೇಡದ ಕ್ಲಾಸ್ಟ್ರಿಡಿಯಮ್, ಸಲ್ಫೇಟನ್ನು ಉಸಿರಾಡುವ ಡೀಸಲ್ಫೋವಿಬ್ರಿಯೋ, ಮೀಥೇನ್ ಹೊರಡಿಸುವ ಸೂಕ್ಷ್ಮಜೀವಿಗಳಲ್ಲಿ ಕೆಲವು, ಎಲ್ಲರಿಗೂ ಈ ವಿದ್ಯೆ ಗೊತ್ತು. ಕಬ್ಬಿಣವನ್ನು ಉಸಿರಾಡುವ ಅನೀರೋಮಿಕ್ಸೋಬ್ಯಾಕ್ಟರ್ ಮತ್ತು ಜಿಯೋಬ್ಯಾಕ್ಟರ್ ಕೂಡ ಈ ಕೆಲಸದಲ್ಲಿ ಮುಖ್ಯ ಪಾಲುದಾರರು ಎಂದು ಜಪಾನಿನ ಭತ್ತದ ಗದ್ದೆಗಳ ಅಧ್ಯಯನಗಳು ಈಚಿನ ವರ್ಷಗಳಲ್ಲಿ ತೋರಿಸಿವೆ. ನಮ್ಮ ಮಲೆನಾಡು, ಕರಾವಳಿಯ ಮಣ್ಣು ಕಬ್ಬಿಣದಿಂದ ತುಂಬಿದೆ ಎಂಬುದನ್ನು ನೆನೆದರೆ ಈ ಸುದ್ದಿ ನಮಗೆ ಹತ್ತಿರದ್ದು.

ಇದನ್ನು ಕಂಡುಹಿಡಿದವರು

ಗಂಟಿನ ಬ್ಯಾಕ್ಟೀರಿಯಾ ಸಾರಜನಕ ಕಟ್ಟುತ್ತದೆ ಎಂದು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್ಫಾರ್ತ್ 1880ರ ದಶಕದಲ್ಲಿ ಸಾಬೀತು ಮಾಡಿದರು. ಗಂಟಿನ ಹಂಗಿಲ್ಲದೆ ಸ್ವತಂತ್ರವಾಗಿ ಬದುಕುವ ಬ್ಯಾಕ್ಟೀರಿಯಾವನ್ನು ಮೊದಲು ಹಿಡಿದವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ, 1890ರ ದಶಕದಲ್ಲಿ. ಅವರು ಸಕ್ಕರೆ ಇದ್ದು ಸಾರಜನಕವೇ ಇಲ್ಲದ ದ್ರಾವಣಕ್ಕೆ ಚಿಟಿಕೆ ಮಣ್ಣು ಹಾಕಿ ಕಾದರು. ಸಾರಜನಕವನ್ನು ಗಾಳಿಯಿಂದ ತೆಗೆಯಬಲ್ಲವರು ಮಾತ್ರ ಬೆಳೆಯಲಿ ಎಂಬುದು ಯೋಚನೆ. ಬೆಳೆದ ಬ್ಯಾಕ್ಟೀರಿಯಾವನ್ನು ಲೂಯಿ ಪಾಶ್ಚರ್ ಹೆಸರಿನಲ್ಲಿ ಕ್ಲಾಸ್ಟ್ರಿಡಿಯಮ್ ಪಾಶ್ಚುರಿಯಾನಮ್ ಎಂದು ಕರೆದರು. ಆಮ್ಲಜನಕ ತಾಳದ ಈ ಜೀವಿ ತೆರೆದ ಬಾಟಲಿಯಲ್ಲಿ ಹೇಗೆ ಬೆಳೆಯಿತು? ಅದರ ಜೊತೆಗೆ ಇನ್ನೆರಡು ಬ್ಯಾಕ್ಟೀರಿಯಾಗಳಿದ್ದವು. ಅವು ಸುತ್ತಲಿನ ಆಮ್ಲಜನಕವನ್ನು ಉಂಡು ಮುಗಿಸಿ ಇದಕ್ಕೆ ಕಾವಲಾಗಿದ್ದವು. ನಿಮ್ಮ ಗದ್ದೆಯ ಕಂದು ಪದರ ಕಪ್ಪು ಪದರಕ್ಕೆ ಮಾಡುವ ಉಪಕಾರವನ್ನು ವಿನೊಗ್ರಾಡ್‌ಸ್ಕಿ ಒಂದು ಬಾಟಲಿಯಲ್ಲಿ ಕಂಡಿದ್ದರು. ಮುಂದೆ 1901ರಲ್ಲಿ ಹಾಲೆಂಡಿನ ಬೈಯರಿಂಕ್ ಗಾಳಿಯಲ್ಲೇ ಬದುಕಿ ಸಾರಜನಕ ಕಟ್ಟುವ ಅಜೋಟೋಬ್ಯಾಕ್ಟರನ್ನು ಕಂಡರು. ಅದು ಹೊಟ್ಟೆಬಾಕನ ಹಾಗೆ ಸಕ್ಕರೆ ಉರಿಸಿ, ಒಳಬರುವ ಆಮ್ಲಜನಕವನ್ನು ಅಲ್ಲೇ ಮುಗಿಸಿ ತನ್ನ ಕಿಣ್ವವನ್ನು ಉಳಿಸಿಕೊಳ್ಳುತ್ತದೆ.

ಭತ್ತದ ಗದ್ದೆಯ ಮಾತು ಬಂದರೆ ಕಥೆ ನಮ್ಮ ಕಡೆಗೆ ತಿರುಗುತ್ತದೆ. 1910ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಹ್ಯಾರಿಸನ್ ಮತ್ತು ಸುಬ್ರಹ್ಮಣ್ಯ ಅಯ್ಯರ್ ಗದ್ದೆಯ ಕೆಸರಿನಿಂದ ಏಳುವ ಗುಳ್ಳೆಗಳನ್ನು ಹಿಡಿದು ಅದರಲ್ಲಿರುವ ಅನಿಲಗಳನ್ನು ಅಳೆದರು. ಹೆಚ್ಚಿನ ಪಾಲು ಮೀಥೇನ್ ಮತ್ತು ಸಾರಜನಕ ಎಂದು ತೋರಿಸಿದರು. ಮಣ್ಣಿನ ಮೇಲಿನ ಪಾಚಿಯ ಪದರ ಬೇರಿಗೆ ಆಮ್ಲಜನಕ ಒದಗಿಸುತ್ತದೆ ಎಂಬುದನ್ನೂ ಗುರುತಿಸಿದರು. ಆಮೇಲೆ ಢಾಕಾದ ಪಿ. ಕೆ. ಡೇ ಅವರು ಥೇಟ್ ನಿಮ್ಮ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಬಂಗಾಳದ ಗದ್ದೆಗಳು ಗೊಬ್ಬರ ಕಾಣದೆ ತಲೆಮಾರುಗಳಿಂದ ಭತ್ತ ಕೊಡುತ್ತಿರುವುದು ಹೇಗೆ? ಗದ್ದೆಯ ಮಣ್ಣಿನ ಅನಬೀನವನ್ನು ಬೇರೆಲ್ಲ ಜೀವಿಗಳಿಂದ ಬಿಡಿಸಿ ಶುದ್ಧವಾಗಿ ಬೆಳೆಸಿ, ಅದೇ ಸ್ವತಃ ಸಾರಜನಕ ಕಟ್ಟುತ್ತದೆ ಎಂದು 1939ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಸ್ಟಾರ್ಕೀ ಎಂಬ ಅಮೆರಿಕನ್ ವಿಜ್ಞಾನಿಯ ಜೊತೆ ಅವರು ನಮ್ಮ ಭತ್ತದ ಮಣ್ಣಿನಿಂದ ಹುಳಿ ಮಣ್ಣನ್ನೂ ತಾಳುವ ಹೊಸ ಬ್ಯಾಕ್ಟೀರಿಯಾವೊಂದನ್ನು ವಿವರಿಸಿದರು. ಇಂದು ಅದರ ಹೆಸರು ಬೈಯರಿಂಕಿಯಾ ಇಂಡಿಕ. ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಆರ್. ಎನ್. ಸಿಂಗ್, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಜಿ. ಎಸ್. ವೆಂಕಟರಾಮನ್ ಈ ಪಾಚಿಯನ್ನು ರೈತರ ಕೈಗೆ ತಲುಪಿಸಲು ದುಡಿದರು.

ಎಷ್ಟು ಸಿಗುತ್ತದೆ?

ಇಲ್ಲಿ ಉತ್ಪ್ರೇಕ್ಷೆ ಮಾಡಬಾರದು. ಈ ವಿಷಯದಲ್ಲಿ ಆಸೆ ಹುಟ್ಟಿಸಿ ಪೊಟ್ಟಣ ಮಾರುವವರು ಬಹಳ. ಗದ್ದೆಯಿಂದ ಗದ್ದೆಗೆ ಅಂತರ ದೊಡ್ಡದು. ಪಾಚಿ ಏನೂ ಕೊಡದ ಗದ್ದೆಯೂ ಇದೆ, ಹೆಕ್ಟೇರಿಗೆ 80 ಕಿಲೋವರೆಗೆ ಕೊಟ್ಟದ್ದೂ ಇದೆ. ಎಲ್ಲರೂ ಸೇರಿ ಒಂದು ಬೆಳೆಗೆ ಹೆಕ್ಟೇರಿಗೆ ಸುಮಾರು 30 ಕಿಲೋ ಎಂದು ಇಟ್ಟುಕೊಳ್ಳುವುದು ರೂಢಿ. ಎಕರೆಗೆ ಹೇಳಿದರೆ 12 ಕಿಲೋ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು, ಅಂದರೆ ಇದು 26 ಕಿಲೋ ಯೂರಿಯಾಕ್ಕೆ ಸಮ. 45 ಕಿಲೋದ ಒಂದು ಚೀಲದಲ್ಲಿ ಅರ್ಧಕ್ಕಿಂತ ಹೆಚ್ಚು. ಒಂದು ಟನ್ ಭತ್ತ ಬೆಳೆಯಲು 15ರಿಂದ 20 ಕಿಲೋ ಸಾರಜನಕ ಬೇಕು. ಹಾಗಾಗಿ 12 ಕಿಲೋ ಎಂದರೆ ಆರೇಳು ಕ್ವಿಂಟಾಲ್ ಭತ್ತದ ಆಧಾರ. ನಿಮ್ಮ ಇಳುವರಿ ‘ಒಂದು ಮಟ್ಟಕ್ಕೆ ಬಂದು ನಿಂತಿತು’ ಎಂದಿರಲ್ಲ, ಆ ಮಟ್ಟವನ್ನು ಕೆಳಗಿನಿಂದ ಹಿಡಿದು ನಿಲ್ಲಿಸಿದವರಲ್ಲಿ ಇವರು ಮುಖ್ಯರು. ಮಳೆ ಮತ್ತು ಹಳ್ಳದ ನೀರು ತರುವ ಸಾರಜನಕವೂ ಸ್ವಲ್ಪ ಸೇರುತ್ತದೆ.

ಇನ್ನೂ ಒಂದು ವ್ಯತ್ಯಾಸ ತಿಳಿದಿರಬೇಕು. ಗಂಟಿನ ಬ್ಯಾಕ್ಟೀರಿಯಾ ತಾನು ಕಟ್ಟಿದ್ದನ್ನು ಆಗಿಂದಾಗಲೇ ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಉಣಿಸುತ್ತದೆ. ಕೆಸರಿನವರು ಕಟ್ಟಿದ್ದನ್ನು ತಮ್ಮ ಮೈಗೇ ಸೇರಿಸಿಕೊಳ್ಳುತ್ತಾರೆ. ಅವರು ಸತ್ತು ಕೊಳೆತ ಮೇಲೆ ಪೈರಿಗೆ ಸಿಗುವುದು, ಅದೂ ಸ್ವಲ್ಪ ಈ ಬೆಳೆಗೆ, ಉಳಿದದ್ದು ಮುಂದಿನ ವರ್ಷಗಳಿಗೆ. ಅವರಿಗೆ ಸಕ್ಕರೆ ಕೊಡುವವರೂ ಇಲ್ಲ. ಆಮ್ಲಜನಕವಿಲ್ಲದೆ ಹುದುಗೆಬ್ಬಿಸಿ ಬದುಕುವ ಕ್ಲಾಸ್ಟ್ರಿಡಿಯಮ್‌ಗೆ ಒಂದು ಗ್ಲೂಕೋಸಿನಿಂದ ಸಿಗುವುದು ಮೂರು ಎಟಿಪಿ ಆಸುಪಾಸು. ಒಂದು ಸಾರಜನಕ ಅಣುವಿಗೆ ಬೇಕಾದ್ದು 16. ಐದಾರು ತುತ್ತು ಉಂಡರೆ ಒಂದು ಅಣು. ಆದ್ದರಿಂದ ಇವರನ್ನು ಕಟ್ಟಿಹಾಕಿರುವುದು ಹಸಿವು.

ನೀವು ಏನು ಮಾಡಬಹುದು?

ಉಣ್ಣಿಸಿ. ಕೂಳೆಯನ್ನು, ಹುಲ್ಲಿನ ಒಂದು ಪಾಲನ್ನು ಗದ್ದೆಗೇ ಬಿಡಿ, ಸುಡಬೇಡಿ. ಒಂದು ಟನ್ ಹುಲ್ಲು ಮಣ್ಣಿಗೆ ಸೇರಿದರೆ ಅದನ್ನು ಉಂಡು ಬ್ಯಾಕ್ಟೀರಿಯಾಗಳು 2ರಿಂದ 4 ಕಿಲೋ ಸಾರಜನಕ ಕಟ್ಟುತ್ತವೆ ಎಂದು ಲೆಕ್ಕ. ಆದರೆ ನಾಟಿಯ ಹಿಂದಿನ ದಿನ ಹಸಿ ಹುಲ್ಲು ತುಳಿಯಬೇಡಿ. ಕೊಳೆಯುವ ಆರಂಭದಲ್ಲಿ ಅದು ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಹುಳಿಯೂ ವಿಷದ ಅನಿಲವೂ ಎದ್ದು ಎಳೆಯ ಬೇರು ಕಪ್ಪಾಗುತ್ತದೆ. ಎರಡು ಮೂರು ವಾರ ಮೊದಲೇ ಉತ್ತು ಸೇರಿಸಿದರೆ ಈ ತೊಂದರೆ ಕಡಿಮೆ. ಅದೇ ಹುಲ್ಲು ಮೀಥೇನನ್ನೂ ಹೆಚ್ಚಿಸುತ್ತದೆ ಎಂಬುದು ನಿಜ, ಬೇಸಿಗೆಯಲ್ಲೇ ಉತ್ತು ಒಣಮಣ್ಣಿನಲ್ಲಿ ಅರ್ಧ ಕೊಳೆಯಲು ಬಿಟ್ಟರೆ ಅದೂ ತಗ್ಗುತ್ತದೆ.

ಯೂರಿಯಾ ಹಾಕುವ ಶಕ್ತಿ ಇದ್ದರೆ ಹಾಕಿ, ನಾನು ಬೇಡ ಎನ್ನುವುದಿಲ್ಲ. ನಾಲ್ಕು ಚೀಲ ಭತ್ತ ಹೆಚ್ಚು ಬರುವುದನ್ನು ಬಿಡು ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಎಲ್ಲವನ್ನೂ ಒಮ್ಮೆಗೇ ನಿಂತ ನೀರಿಗೆ ಎರಚಬೇಡಿ. ಸುತ್ತ ಅಮೋನಿಯಾ ಧಾರಾಳವಾಗಿ ಸಿಕ್ಕರೆ ಬ್ಯಾಕ್ಟೀರಿಯಾ ಇಷ್ಟು ದುಬಾರಿಯ ಕಿಣ್ವವನ್ನು ಕಟ್ಟುವುದನ್ನೇ ನಿಲ್ಲಿಸುತ್ತದೆ. ಮೇಲಾಗಿ ನಡುಹಗಲಲ್ಲಿ ಪಾಚಿ ಇರುವ ನೀರು ಕ್ಷಾರವಾಗುತ್ತದೆ, ಎರಚಿದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಕಂತುಗಳಲ್ಲಿ, ನೀರು ತಗ್ಗಿಸಿ, ಮಣ್ಣಿಗೆ ಸೇರುವಂತೆ ಕೊಟ್ಟರೆ ಎರಡೂ ಕಡೆ ಲಾಭ.

ರಂಜಕ ಮರೆಯಬೇಡಿ, ಅದು ಸಾಲದಿದ್ದರೆ ಪಾಚಿ ಬೆಳೆಯುವುದಿಲ್ಲ. ಗದ್ದೆಯನ್ನು ಬೇಕಾಬಿಟ್ಟಿ ಒಣಗಿಸಿ ನೆನೆಸಿ ಮಾಡಿದರೆ ಒಣಗಿದಾಗ ಹುಟ್ಟಿದ ನೈಟ್ರೇಟ್ ಮತ್ತೆ ನೀರು ನಿಂತಾಗ ಅನಿಲವಾಗಿ ಗಾಳಿಗೆ ಮರಳುತ್ತದೆ. ನೀರು ಉಳಿಸಲು, ಮೀಥೇನ್ ತಗ್ಗಿಸಲು ಗದ್ದೆ ಒಣಗಿಸುವ ಪದ್ಧತಿ ಒಳ್ಳೆಯದೇ, ಅದನ್ನು ಅಳತೆ ನೋಡಿ ಮಾಡಬೇಕು. ಪಾಚಿಯನ್ನು ತಂದು ಬಿಡುವವರು ನಾಟಿಯಾದ ವಾರಕ್ಕೆ ಹೆಕ್ಟೇರಿಗೆ ಸುಮಾರು 10 ಕಿಲೋ ಒಣಗಿಸಿದ ಪಾಚಿ ಎರಚುತ್ತಾರೆ. ನನ್ನ ಸಲಹೆ, ಹೊರಗಿನಿಂದ ತರುವ ಮೊದಲು ಮನೆಯಲ್ಲಿರುವವರಿಗೆ ಊಟ ಹಾಕಿ ನೋಡಿ ಎಂಬುದು.

ಘಟ್ಟದ ಕೆಳಗೆ ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತವನ್ನು ರಾಸಾಯನಿಕ ಗೊಬ್ಬರ ಹಾಕದೆ ಬೆಳೆದುಕೊಂಡು ಬಂದಿದ್ದಾರೆ. ಅಲ್ಲಿ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಅದು ಕೊಳೆತು ಸಿಗಡಿಗೆ, ಮೀನಿಗೆ, ಕೆಸರಿನ ಕಾಣದ ಜೀವಿಗಳಿಗೆ ಆಹಾರವಾಗುತ್ತದೆ. ಹೊಳೆಯ ಗೋಡು ಮಣ್ಣಿನ ಕೊಡುಗೆಯೂ ಅಲ್ಲಿದೆ. ಕೆಸರಿಗೆ ಉಣಿಸಿ ಕೆಸರಿನಿಂದ ಉಣ್ಣುವ ಆ ಕ್ರಮ ಈ ಸಂಶೋಧನೆಗಳಿಗಿಂತ ಹಳೆಯದು.

ಕೊನೆಗೆ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ, ವಿನೊಗ್ರಾಡ್‌ಸ್ಕಿ ಹೇಳಿಕೊಟ್ಟದ್ದು. ಉಪ್ಪಿನಕಾಯಿಯ ಎತ್ತರದ ಗಾಜಿನ ಭರಣಿ ತೆಗೆದುಕೊಳ್ಳಿ. ನಿಮ್ಮ ಗದ್ದೆಯ ಕಪ್ಪು ಕೆಸರಿಗೆ ಸಣ್ಣಗೆ ಹೆಚ್ಚಿದ ಹುಲ್ಲು, ಒಂದು ಚಮಚ ಸುಣ್ಣದ ಕಲ್ಲಿನ ಪುಡಿ, ಒಂದು ಮೊಟ್ಟೆಯ ಹಳದಿ ಕಲಸಿ ಮುಕ್ಕಾಲು ತುಂಬಿ. ಮೇಲೆ ಎರಡು ಬೆರಳು ಗದ್ದೆಯ ನೀರು ನಿಲ್ಲಿಸಿ, ಸಡಿಲವಾಗಿ ಮುಚ್ಚಿ, ನೇರ ಬಿಸಿಲು ಬಡಿಯದ ಬೆಳಕಿನ ಕಿಟಕಿಯಲ್ಲಿಡಿ. ಎರಡು ಮೂರು ವಾರಕ್ಕೆ ಮೇಲ್ಗಡೆ ಹಸಿರು ಕಟ್ಟುತ್ತದೆ, ಅದರಡಿ ಕಂದು, ಅದರಡಿ ಕಪ್ಪು. ಒಂದೆರಡು ತಿಂಗಳಾಗುವಾಗ ಗಾಜಿಗೆ ಅಂಟಿದಂತೆ ಕೆನ್ನೇರಳೆ ಮಚ್ಚೆಗಳು ಮೂಡಬಹುದು. ಅವು ಆಮ್ಲಜನಕ ಹೊರಡಿಸದೆಯೇ ಬೆಳಕನ್ನು ಉಣ್ಣುವ ಬ್ಯಾಕ್ಟೀರಿಯಾಗಳು, ಅವುಗಳಲ್ಲಿ ಅನೇಕಕ್ಕೆ ಸಾರಜನಕ ಕಟ್ಟುವ ವಿದ್ಯೆಯೂ ಗೊತ್ತು. ಮಚ್ಚೆ ಮೂಡಿದ ದಿನ ಮನೆಯ ಮಕ್ಕಳನ್ನು ಕರೆದು ತೋರಿಸಿ. ಇಷ್ಟು ವರ್ಷ ನಮ್ಮ ಅನ್ನಕ್ಕೆ ಗೊಬ್ಬರ ಹಾಕಿದವರು ಇವರು ಎಂದು ಹೇಳಿ.